ಫೈಲಿನಲ್ಲಿರುವ ‘ಮುಂಗೋಪಿ’

ಕಾರ್ಖಾನೆಯ ಡಾಕ್ಟರರಿಗೆ,

ಆರು ವರ್ಷ ನನ್ನ ಬಿಪಿ ಇಳಿಯದಿದ್ದಾಗಲೆಲ್ಲ “ಸಿಟ್ಟು ಕಡಿಮೆ ಮಾಡಮ್ಮ, ಗಂಡ ಹೇಗೆ ಸಹಿಸ್ತಾನೋ” ಎಂದು ನಕ್ಕಿರಿ. ಫೈಲಿನಲ್ಲಿ ‘ಮುಂಗೋಪಿ’ ಎಂದು ಬರೆದು ನನ್ನನ್ನು ಕ್ರೇನ್ ಓಡಿಸುವ ಕೆಲಸದಿಂದ ಇಳಿಸಿದಿರಿ.

ಕಳೆದ ತಿಂಗಳು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ನನ್ನ ಪಕ್ಕೆಗೆ ಸ್ಟೆತಾಸ್ಕೋಪ್ ಇಟ್ಟು, “ಒಳಗೆ ರಕ್ತ ಭೋರ್ಗರೀತಿದೆ, ಇದುವರೆಗೂ ಯಾರೂ ಕೇಳಿಸ್ಕೊಂಡಿಲ್ವಾ?” ಎಂದರು. ಕಿಡ್ನಿಯಲ್ಲಿ ಅಪಧಮನಿಯೊಂದು ಹುಟ್ಟಿನಿಂದಲೇ ನೇರವಾಗಿ ಅಭಿಧಮನಿಗೆ ಸೇರಿಕೊಂಡಿತ್ತಂತೆ; ಬಿಪಿ ಏರುತ್ತಿದ್ದುದು ಅದರಿಂದಲೇ ಅಂತೆ. ತೆಳು ಕೊಳವೆ ತೂರಿಸಿ ಆ ಅಡ್ಡದಾರಿ ಮುಚ್ಚಿದರು. ಈಗ ಮಾತ್ರೆಯಿಲ್ಲದೆ ಬಿಪಿ ಸರಿಯಿದೆ. ಸಿಟ್ಟು ಮಾತ್ರ ಇಳಿದಿಲ್ಲ.

ಅವರ ವರದಿ ಲಗತ್ತಿಸಿದ್ದೇನೆ. ಫೈಲಿನಲ್ಲಿರುವ ಆ ‘ಮುಂಗೋಪಿ’ ಪದವನ್ನು ನಿಮ್ಮ ಕೈಯಾರೆ ಹೊಡೆದುಹಾಕಿ. ಸೋಮವಾರ ನಾನು ಕ್ರೇನ್ ಹತ್ತಬೇಕು.

ಪ್ಯಾಕಿಂಗ್ ವಿಭಾಗದ ಒಬ್ಬ ಹೆಂಗಸಿಗೂ ಬಿಪಿ ಇಳಿಯುತ್ತಿಲ್ಲ. ಅವಳಿಗೂ ನೀವು ಅದನ್ನೇ ಹೇಳಿದಿರಂತೆ. ನಾಳೆ ಅವಳನ್ನು ನಾನೇ ದೊಡ್ಡಾಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ. ರಜೆಚೀಟಿಗೆ ಸಹಿ ಹಾಕಿಡಿ.

ಇಂತಿ,
ಮೂರನೇ ಶೆಡ್ಡಿನ ಕ್ರೇನ್ ಆಪರೇಟರ್