ಬೀರುವಿನ ಮೇಲಿನ ಲಾರಿ

ಫೆಬ್ರವರಿ 3, ಸೋಮವಾರ

ಬೆಳಿಗ್ಗೆ ಮಕ್ಕಳ ಹದಿನೆಂಟು ಜೊತೆ ಬೂಟು ಬಿಚ್ಚಿಸಿದ್ದಾಯಿತು. ಮೂರು ಗಂಟೆಗೆ ಮತ್ತೆ ತೊಡಿಸಿದ್ದೂ ಆಯಿತು. ಅಮೆರಿಕದ ಈ ಡುಲೂತ್‌ನ ಹಿಮದಲ್ಲಿ ನರ್ಸರಿ ಶಿಕ್ಷಕಿಯ ತರಬೇತಿಯೆಂದರೆ ಅರ್ಧ ಇದೇ. ಇನ್ನರ್ಧ — ಹಿರಿಯ ಶಿಕ್ಷಕಿ ಡೊರೀನ್ ಅವರ ಬೀರು. ಇಬ್ಬರು ಮಕ್ಕಳು ಯಾವ ಆಟಿಕೆಗೆ ಕಿತ್ತಾಡಿದರೂ ಅದು ಶುಕ್ರವಾರದವರೆಗೆ ಬೀರುವಿನ ಮೇಲೆ. ಇಬ್ಬರೂ ಸಾರಿ ಹೇಳಬೇಕು. ಇಪ್ಪತ್ತಾರು ವರ್ಷಗಳ ನಿಯಮವಂತೆ.

ಇಂದು ಹಳದಿ ಲಾರಿ ಮೇಲೇರಿತು. ರೂಫಸ್, ಜೂನಿಯಾ — ಇಬ್ಬರಿಗೂ ನಾಲ್ಕು ವರ್ಷ — ಒಬ್ಬರಿಗೊಬ್ಬರಲ್ಲ, ನೆಲಕ್ಕೆ ಸಾರಿ ಹೇಳಿದರು. ಒಳ್ಳೆಯ ಆಟಿಕೆಗಳೆಲ್ಲ ಮೇಲೆ. ಕೆಳಗೆ ಉಳಿದವು ಯಾರಿಗೂ ಬೇಡದವು.

"ಇದರಿಂದ ಅವ್ರು ಕಲಿತದ್ದೇನು?" ಎಂದು ಡೊರೀನ್ ಅವರನ್ನು ಕೇಳಿದೆ.

"ಕಿತ್ತಾಡಿದ್ರೆ ಲಾರಿ ಸಿಗಲ್ಲ ಅಂತ. ಏನಮ್ಮ ಮಾರೆನ್, ನಿನ್ನ ಫಸ್ಟ್ ರ‍್ಯಾಂಕ್ ಪುಸ್ತಕದಲ್ಲಿ ಬೇರೆ ಏನಾದ್ರೂ ಬರೆದಿದ್ಯಾ?"

ಬರೆದಿದೆ. ನಾನು ಓದಿದ್ದೇನೆ. ಆದರೆ ತರಬೇತಿಯ ಅಂಕ ಅವರ ಕೈಯಲ್ಲಿದೆ. ಅದು ಬಿದ್ದರೆ ಕಾಲೇಜಿನಲ್ಲಿ ನನ್ನ ಮೊದಲ ಸ್ಥಾನವೂ ಬಿದ್ದಂತೆ.

ಫೆಬ್ರವರಿ 6, ಗುರುವಾರ

ಡೊರೀನ್ ಫೋನಿನಲ್ಲಿದ್ದಾಗ ಲಾರಿ ಇಳಿಸಿದೆ. ನಿಮಿಷದೊಳಗೆ ಜಗಳ. ಜಗಳ ಬಗೆಹರಿಸಲು ಪುಸ್ತಕದಲ್ಲಿದ್ದ ಐದು ಹಂತಗಳನ್ನು ವಿವರಿಸತೊಡಗಿದೆ... ಮೂರನೆಯದಕ್ಕೆ ಬರುವಷ್ಟರಲ್ಲಿ ಜೂನಿಯಾ ರೂಫಸ್‌ನ ತೋಳು ಕಚ್ಚಿದ್ದಳು.

"ಪುಸ್ತಕಕ್ಕೆ ಹಲ್ಲಿರಲ್ಲ, ಅಲ್ವಾ?" ಎಂದರು ಡೊರೀನ್. ಲಾರಿ ಮರಳಿ ಬೀರುವಿಗೆ, ಈ ಸಲ ಮುಂದಿನ ವಾರದ ಶುಕ್ರವಾರದವರೆಗೆ.

ತಪ್ಪು ಲಾರಿಯದಲ್ಲ, ನನ್ನದು. ಮಾತು ಅತಿಯಾಯಿತು. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ; ಅವರೆದುರು ಎಂದಿಗೂ ಒಪ್ಪಿಕೊಳ್ಳಲಾರೆ.

ಫೆಬ್ರವರಿ 12, ಬುಧವಾರ

ಮತ್ತೆ ಇಳಿಸಿದೆ. ಈ ಸಲ ಅವರ ಕಣ್ಣೆದುರಿಗೇ. ಮಕ್ಕಳಿಬ್ಬರ ನಡುವೆ ಕುಳಿತೆ. ಕಚ್ಚಿದರೆ ತಡೆಯಲು ಕೈ ಸಿದ್ಧ, ಬಾಯಿ ಬಂದ್.

"ನಾನ್ ಮೊದ್ಲು ಹಿಡ್ಕೊಂಡಿದ್ದು!" ಎಂದಳು ಜೂನಿಯಾ.

"ನೀನ್ ಕಚ್ಚಿದ್ಯಲ್ಲ ಅವತ್ತು!"

"ನೀನ್ ಯಾಕೆ ತಳ್ಳಿದ್ದು?"

ಡೊರೀನ್ ಬಂದು ಕೈ ಚಾಚಿದರು. ರೂಫಸ್ ಲಾರಿಯನ್ನು ಅಪ್ಪಿಕೊಂಡ.

"ತಗೋಬೇಡಿ ಮಿಸ್. ನಮ್ ಜಗಳ ಇನ್ನೂ ಮುಗಿದಿಲ್ಲ."

"ಹೂಂ," ಎಂದಳು ಜೂನಿಯಾ, ಅವನ ಪಕ್ಷ ವಹಿಸಿ. "ಮಧ್ಯ ಬರಬೇಡಿ."

ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಮಕ್ಕಳ ಜಗಳ ಮುಗಿಯಲು ಹನ್ನೊಂದು ನಿಮಿಷ ಹಿಡಿಯಿತು. ತೀರ್ಮಾನ: ಕಿಟಕಿಯಿಂದ ಬಾಗಿಲವರೆಗೆ ರೂಫಸ್ ಚಾಲಕ, ಹಿಂದಿರುಗುವಾಗ ಜೂನಿಯಾ. ಯಾರೂ ಸಾರಿ ಹೇಳಲಿಲ್ಲ.

ಫೆಬ್ರವರಿ 13, ಸಂಜೆ 5

ಮಕ್ಕಳು ಹೋದ ಮೇಲೆ ಡೊರೀನ್ ನನ್ನ ವರದಿಯನ್ನು ಮೇಜಿನ ಮೇಲೆ ಸರಿಸಿದರು. "ತರಗತಿ ನಿರ್ವಹಣೆ: ಅತೃಪ್ತಿಕರ. ಸೂಚನೆ ಪಾಲಿಸುವುದಿಲ್ಲ." ಇಂಥ ಮಾತು ನನ್ನ ಹೆಸರಿನ ಕೆಳಗೆ ಎಂದೂ ಬಂದಿರಲಿಲ್ಲ.

"ಸಾರಿ ಅಂದ್ಬಿಡು. ತಿದ್ದಿ ಕೊಡ್ತೀನಿ."

ಸಹಿಗೆಂದು ತೆರೆದಿದ್ದ ಪೆನ್ನಿನ ಮುಚ್ಚಳ ಹಾಕಿದೆ.

"ಹೇಳಲ್ಲ. ಅಂಕ ಎಷ್ಟಾದ್ರೂ ಕೊಡಿ. ನಮ್ಮ ಜಗಳ ಇನ್ನೂ ಮುಗಿದಿಲ್ಲ."

ಡೊರೀನ್ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದು, ಮೊಣಕಾಲು ಗಲ್ಲಕ್ಕೆ ತಾಗುವಂತೆ ಕುಳಿತರು.

"ಸರಿ, ಹೇಳು. ಮಧ್ಯ ಬರಲ್ಲ."

ನಾನೂ ಒಂದು ಕುರ್ಚಿ ಎಳೆದುಕೊಂಡೆ. ನಡುವೆ ನೆಲದ ಮೇಲೆ ಲಾರಿ. ವಾದವೆಲ್ಲ ಸಿದ್ಧವಿತ್ತು. ಆದರೆ ಬಾಯಿಂದ ಮೊದಲು ಬಂದದ್ದು, ಕಳೆದ ಗುರುವಾರ ಜೂನಿಯಾ ಕಚ್ಚಿದ್ದು ನನ್ನ ಮಾತು ಅತಿಯಾದದ್ದರಿಂದ ಎಂಬ ಒಪ್ಪಿಗೆ.