ತಡವಾಗಿ ಬರುವ ದನಿ

ಆಗಸ್ಟ್ ೯, ಶನಿವಾರ

ನಮ್ಮ ಚರ್ಚಿನ ಹಾಡಿನ ಆ ಕೆಳದನಿ ಇವತ್ತೂ ಸರಿಹೋಗಲಿಲ್ಲ. ರಾಜಧಾನಿ ಆಪಿಯಾದಿಂದ ತಂದ ಪುಟ್ಟ ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದೇನೆ. ಒಂದು ಕೀ ಒತ್ತಿದರೆ ಸಾಕು, ನಾಲ್ಕು ದನಿಗಳ ಸ್ವರಗುಚ್ಛ ಹೊಮ್ಮುತ್ತದೆ. ಅದರ ಕೆಳದನಿ ತಮ್ಮ ಪೆನಿಯದು, ಅವನ ಮದುವೆಗೆ ಮುಂಚೆ ನಾನೇ ರೆಕಾರ್ಡ್ ಮಾಡಿದ್ದು. ಈಗ ಅವನು ಹೆಂಡತಿಯ ಚರ್ಚಿನವನು. ಆ ಚರ್ಚು ರಸ್ತೆಯಾಚೆಗೇ ಇದೆ. ಆದರೂ ನಮ್ಮ ಹಾಡಿಗೆ ಅವನಿಲ್ಲ.

ಅಭ್ಯಾಸದ ನಡುವೆ ಲಾಂಗಿ ಚಿಕ್ಕಮ್ಮ ಬೀಸಣಿಗೆ ಕೆಳಗಿಟ್ಟರು. "ಏನೇ ಸಿಯೆನಿ, ನಾಲ್ಕೂ ದನಿ ಒಟ್ಟಿಗೇ ದಬಕ್ ಅಂತ ಬೀಳ್ತವಲ್ಲೇ! ನಿನ್ ತಮ್ಮ ಯಾವತ್ತಾದ್ರೂ ಎಲ್ಲರ ಜೊತೆ ಶುರು ಮಾಡಿದ್ನಾ? ನಾವು ಹಾಡ್ತಾ ಇದ್ರೆ, ಆಮೇಲೆ ನಿಧಾನಕ್ಕೆ ಬರ್ತಿದ್ದ ದೊರೆ!"

ಎಲ್ಲರೂ ನಕ್ಕರು.

ಅವನ ದನಿಯನ್ನು ಗುಚ್ಛದಿಂದ ಬಿಡಿಸಿ ಬೇರೆ ಕೀಗೆ ಹಾಕಿದೆ. ಮೊದಲು ಉಳಿದ ಮೂರು ದನಿಗಳನ್ನು ಒತ್ತಿ, ಅವನಿಗಾಗಿ ಒಂದು ಕ್ಷಣ ಕಾದೆ. ಅಷ್ಟರಲ್ಲಿ ಕಿಟಕಿಯಿಂದ ಅವನೇ ಕೇಳಿಸಿದ. ರಸ್ತೆಯಾಚೆಯ ಚರ್ಚಿನಲ್ಲೂ ಅಭ್ಯಾಸ ನಡೆದಿತ್ತು. ಹಾಡು ಬೇರೆ, ಶ್ರುತಿ ನಮ್ಮದಕ್ಕಿಂತ ತುಸು ಕೆಳಗೆ. ಅಲ್ಲಿಯೂ ಎಲ್ಲರಿಗಿಂತ ತಡವಾಗಿಯೇ ಬಂದ, ಕತ್ತೆ. ನನ್ನ ಬೆರಳು ಅವನ ಕೀ ಮೇಲೆ ಹಾಗೇ ನಿಂತಿತು. ಒತ್ತಲು ಮನಸ್ಸಾಗಲಿಲ್ಲ.

ಶ್ರುತಿ ಇಳಿಸುವುದು ಒಂದು ಗುಂಡಿಯ ಕೆಲಸ. ನಾಳೆ ಪ್ರಾರ್ಥನೆಯ ಹೊತ್ತಿಗೆ ಕಿಟಕಿಗಳನ್ನೆಲ್ಲ ತೆರೆದಿಟ್ಟು, ನಮ್ಮ ಹಾಡನ್ನು ಅವನ ಶ್ರುತಿಗೇ ಇಳಿಸಿಬಿಟ್ಟರೆ, ಲಾಂಗಿ ಚಿಕ್ಕಮ್ಮನಿಗೆ ಗೊತ್ತಾಗದಿದ್ದರೆ, ರಸ್ತೆಯಾಚೆ ಅವನಿಗೆ ಗೊತ್ತಾದರೆ, ನಾನು ಕೀ ಒತ್ತದೆ ಬಿಟ್ಟ ಜಾಗಕ್ಕೆ ತಡವಾಗಿಯಾದರೂ ಅವನೇ ಬರಬಹುದು.