ಮೈಕು ಕೆಟ್ಟಿರಲಿಲ್ಲ

ದೊಡ್ಡಬಳ್ಳಾಪುರ
ಭಾನುವಾರ, ೧೬ ಮಾರ್ಚ್ ೨೦೨೫

ಪ್ರೀತಿಯ ಅಮ್ಮಾ, ನಿನ್ನ ಭಾನುವಿನ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಹಿಂದೂಪುರದ ಬಿಸಿಲು ನಮ್ಮೂರಿಗಿಂತ ಒಂದು ಕೈ ಹೆಚ್ಚೇ. ಬಟ್ಟೆ ಒಣಹಾಕಲು ನೀನು ತಾರಸಿ ಹತ್ತಬೇಡ, ಅಳಿಯಂದಿರು ಹಾಕಲಿ. ಕವಿತ ಬಾಣಂತಿ ಪಥ್ಯ ಸರಿಯಾಗಿ ಮಾಡುತ್ತಿದ್ದಾಳೋ, ಇಲ್ಲ ನೀನು ಅತ್ತ ತಿರುಗಿದೊಡನೆ ಆವಕಾಯಿ ಜಾಡಿಗೆ ಕೈ ಹಾಕುತ್ತಾಳೋ? ಮಗು ನಿನ್ನನ್ನು ಮಲಗಲು ಬಿಡುತ್ತಿದೆಯೇ?

ಗುರುವಾರದಿಂದ ಫೋನಿನಲ್ಲಿ ಶಿಲ್ಪಳೇ ಮಾತಾಡುತ್ತಿದ್ದಾಳೆಂದು ನಿನಗೆ ಸಿಟ್ಟು ಬಂದಿದೆ. “ಹೆಂಡ್ತೀನ ಮುಂದಕ್ಕೆ ಬಿಟ್ಟು ಅವ್ನು ಹಿಂದೆ ಕೂತವ್ನಾ?” ಎಂದೆಯಲ್ಲ, ಪಕ್ಕದಲ್ಲೇ ಇದ್ದೆ ಅಮ್ಮಾ, ಕೇಳಿಸಿತು. ನಾನು ಮಾತಾಡಬಾರದೆಂದು ಡಾಕ್ಟರು ಹೇಳಿದ್ದಾರೆ. ವಾಟ್ಸಾಪಿನಲ್ಲಿ ಬರೆದರೆ ಅದು ಕವಿತಳ ಮೊಬೈಲಿಗೇ ಬರುತ್ತದೆ, ಅವಳೇ ಮೊದಲು ಓದುತ್ತಾಳೆ. ಹಸಿ ಬಾಣಂತಿ, ಅವಳಿಗೆ ಇದು ಬೇಡ. ನಮ್ಮ ಬೀದಿಯ ಕಾಂತರಾಜು ಸೀರೆ ತೆಗೆದುಕೊಂಡು ಸಂಜೆ ಆ ಕಡೆಗೇ ಬರುತ್ತಿದ್ದಾನೆ. ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕೆಂದು ಶಿಲ್ಪ ಅವನಿಗೆ ಹೇಳಿದ್ದಾಳೆ.

ನಮ್ಮ ವಿಶ್ವವಿದ್ಯಾಲಯದಲ್ಲಿ ಕಳೆದ ವಾರ ಸಿಬ್ಬಂದಿಯ ಕ್ಷೇಮ ಸಪ್ತಾಹ. ಬೆಳಿಗ್ಗೆ ಯೋಗ, ಮಧ್ಯಾಹ್ನ ನವಣೆ ಉಂಡೆ, ಸಂಜೆ ಎಲ್ಲರೂ ವೃತ್ತವಾಗಿ ನಿಂತು ಜೋರಾಗಿ ನಗುವುದು. ನಮ್ಮ ಗಣಿತದ ಮೇಷ್ಟ್ರು ಹನುಮಂತರಾಯಪ್ಪನವರು ನಕ್ಕಿದ್ದನ್ನು ಹತ್ತು ವರ್ಷದಲ್ಲಿ ಅಂದೇ ನೋಡಿದ್ದು. ಗುರುವಾರ ಕಿವಿ, ಮೂಗು, ಗಂಟಲಿನ ಡಾಕ್ಟರು ಬಂದರು. ಸರದಿಯಲ್ಲಿ ಜನ ಕಡಿಮೆ ಎಂದು ಗೋವಿಂದರಾಜು ನನ್ನನ್ನು ಎಳೆದುಕೊಂಡು ಹೋದ. ಅಲ್ಲಿಯ ಕಾರ್ಯಕ್ರಮಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. ನಾನು ಬಾಯಿ ತೆರೆದು ನಾಲಗೆ ಚಾಚಿ ಕೂತ ಫೋಟೋವನ್ನು ವಾರ್ತಾಪತ್ರದಲ್ಲಿ ‘ನಮ್ಮ ಸಿಬ್ಬಂದಿ, ನಮ್ಮ ಹೆಮ್ಮೆ’ ಎಂದು ಹಾಕಿದ್ದಾರೆ. ಕವಿತಳ ಮೊಬೈಲಿನಲ್ಲಿ ನೀನೂ ನೋಡಿ ನಕ್ಕೆಯಂತೆ.

ಆ ಫೋಟೋ ತೆಗೆದ ಗಳಿಗೆಯಲ್ಲೇ ಡಾಕ್ಟರಮ್ಮ ನಗುವುದನ್ನು ನಿಲ್ಲಿಸಿದರು. ಸಣ್ಣ ಕ್ಯಾಮೆರಾ ಇಳಿಸಿ ಮತ್ತೆ ನೋಡಿದರು. ದನಿ ಯಾವಾಗಿನಿಂದ ಹೀಗೆ ಒಡೆದಿದೆ ಎಂದು ಕೇಳಿದರು. ಸಂಕ್ರಾಂತಿಯಿಂದ ಎಂದೆ. ಗಂಟಲೊಳಗೆ ಗಂಟಿನಂಥದ್ದು ಬೆಳೆದಿದೆಯಂತೆ, ಪಾಠ ಹೇಳುವವರಿಗೆ, ಕೂಗಿ ಮಾರುವವರಿಗೆ ಬರುವುದುಂಟಂತೆ. “ಸಾರ್, ಎರಡು ವಾರ ಒಂದು ಮಾತೂ ಬೇಡ. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು” ಎಂದರು.

ಆದರೆ ಶನಿವಾರ ನನ್ನ ಉಪನ್ಯಾಸವಿತ್ತು. ಸುತ್ತಲ ಹಳ್ಳಿಯವರಿಗೆಂದು ತಿಂಗಳಿಗೊಮ್ಮೆ ನಡೆಸುತ್ತಾರಲ್ಲ, ಅದೇ. ನಲ್ಲೂರಿನ ಹುಣಸೆ ತೋಪಿನ ಬಗ್ಗೆ ಎರಡು ವರ್ಷ ಓಡಾಡಿ ಬರೆದದ್ದು. ನಲ್ಲೂರಿನಿಂದಲೂ ಅದರ ಪಕ್ಕದ ಚನ್ನರಾಯಪಟ್ಟಣದಿಂದಲೂ ಬಸ್ಸು ಹೊರಡಿಸಿದ್ದರು. ಒಂದೇ ಒಂದು ಗಂಟೆ, ಆಮೇಲೆ ಎಷ್ಟು ದಿನ ಬೇಕಾದರೂ ಸುಮ್ಮನಿರುತ್ತೇನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಶಿಲ್ಪ ಚೀಟಿ ಹರಿದು ಹಾಕಿದಳು. ಆದರೂ ಹೋದೆ. ಅವಳೂ ಬಂದಳು.

ಸಭಾಂಗಣ ತುಂಬಿತ್ತು. ಮೊದಮೊದಲು ದನಿ ಚೆನ್ನಾಗಿಯೇ ಬಂತು, ಡಾಕ್ಟರು ಸುಮ್ಮನೆ ಹೆದರಿಸಿದರು ಎಂದುಕೊಂಡೆ. ತೋಪಿನ ಅತ್ಯಂತ ಹಳೆಯ ಮರದ ಬಳಿ ಬರುವಷ್ಟರಲ್ಲಿ ದನಿ ನಿಂತುಹೋಯಿತು. ತುಟಿ ಆಡುತ್ತಿದೆ, ಬರೀ ಗಾಳಿ. ಹಿಂದಿನಿಂದ ಯಾರೋ “ಮೈಕ್ ಸರಿ ಮಾಡ್ರಪ್ಪೋ!” ಎಂದು ಕೂಗಿದರು. ಗೋವಿಂದರಾಜು ಓಡಿ ಬಂದು ಮೈಕು ತಟ್ಟಿದ. ಧಡ್ ಧಡ್ ಎಂದು ಇಡೀ ಸಭೆಗೆ ಕೇಳಿಸಿತು. ಇನ್ನೊಂದು ಮೈಕು ತಂದ, ಅದನ್ನೂ ತಟ್ಟಿದ. ಕೆಟ್ಟಿರುವುದು ನಾನು ಎಂದು ಅವನಿಗೆ ಹೇಗೆ ಹೇಳಲಿ? ನಲ್ಲೂರಿನ ಮುತ್ಯಾಲಮ್ಮ, ನಾನು ತೋಪಿಗೆ ಹೋದಾಗಲೆಲ್ಲ ಮಜ್ಜಿಗೆ ಕೊಡುತ್ತಿದ್ದ ಮುದುಕಿ, ಮೆಟ್ಟಿಲು ಹತ್ತಿ ಬಂದು ನನ್ನ ಕೈ ಹಿಡಿದಳು. “ಕೂತ್ಕಳಪ್ಪ, ಸಾಕು. ನಮ್ಮೂರ ಮರ ಎಲ್ಲಿಗೂ ಓಡೋಗಲ್ಲ” ಎಂದಳು. ಜನ ನಕ್ಕರು. ನನಗೆ ಅಳು ಬಂತು.

ಆಮೇಲೆ ಶಿಲ್ಪ ಎದ್ದಳು. ಹೆಸರು ಹೇಳಲೂ ನಾಚುವವಳು, ವೇದಿಕೆ ಹತ್ತಿ ನನ್ನ ಹಾಳೆಗಳನ್ನು ಓದತೊಡಗಿದಳು. ನಾನು ಉದ್ಧರಿಸಿದ್ದ ಹಳೆಯ ಶಾಸನದ ಪದಗಳಲ್ಲಿ ಎಡವಿದಳು, ಮತ್ತೆ ಹಿಂದಕ್ಕೆ ಹೋಗಿ ಓದಿದಳು, ಕೊನೆಯವರೆಗೂ ಬಿಡಲಿಲ್ಲ. ಚಪ್ಪಾಳೆ ಬಿದ್ದಾಗ ಅವಳ ಬಗ್ಗೆ ಹೆಮ್ಮೆಯಾಯಿತು. ಆದರೆ ನನ್ನ ಮಾತುಗಳು ನಾನಿಲ್ಲದೆಯೂ ನಡೆಯುವುದನ್ನು ಮೊದಲ ಸಾಲಿನಲ್ಲಿ ಕೂತು ಕೇಳಬೇಕಾಯಿತು ಅಮ್ಮಾ. ಪಾಠ ಹೇಳುವುದು ಬಿಟ್ಟರೆ ನನಗೆ ಬೇರೇನು ಬರುತ್ತದೆ?

ಈಗ ಮನೆಯಲ್ಲಿ ಮೌನ. ಅರ್ಪಿತ ಇದನ್ನು ಆಟವೆಂದುಕೊಂಡಿದ್ದಾಳೆ. “ಅಪ್ಪಾ, ಮಾತಾಡಿದ್ರೆ ಔಟು” ಎಂದು ಬೆರಳು ತೋರಿಸಿ, ನನ್ನನ್ನು ನಗಿಸಲು ನೋಡುತ್ತಾಳೆ. ಇವತ್ತಿನವರೆಗೆ ಗೆದ್ದಿದ್ದೇನೆ.

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಮಗುವಿನ ನೆತ್ತಿಯ ಮೇಲೆ ನನ್ನ ಪರವಾಗಿ ಒಮ್ಮೆ ಕೈಯಾಡಿಸು. ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ ಮಗ,
ಭಾನುಪ್ರಕಾಶ್

ತಾ.ಕ.: ಕಾಂತರಾಜು ಬಾಗಿಲಲ್ಲಿ ನಿಂತಿದ್ದಾನೆ, ರೈಲಿಗೆ ಹೊತ್ತಾಯಿತು. ಡಾಕ್ಟರು ಹೇಳಿದ್ದೆಲ್ಲವನ್ನೂ ನಾನು ಬರೆದಿಲ್ಲ. ಬರುವ ಶುಕ್ರವಾರ ಬೆಂಗಳೂರಿನಲ್ಲಿ ಪ್ರಜ್ಞೆ ತಪ್ಪಿಸುವ ಮದ್ದು ಕೊಟ್ಟು, ಆ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಮನೆಯಲ್ಲಿ ಯಾರಿಗಾದರೂ ಗಂಟಲಿನ ಕಾಯಿಲೆ ಇತ್ತೇ ಎಂದು ಕೇಳಿದರು. ಕೊನೆಯ ವರ್ಷ ಅಪ್ಪನ ದನಿ ಹೋಗಿತ್ತು ಎಂದಷ್ಟೇ ನನಗೆ ಗೊತ್ತು. ಆಗ ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದೆ. ಮಗ್ಗದ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದು ನೀವಿಬ್ಬರೂ ಹೇಳಿದಿರಿ, ನಂಬಿದೆ. ಅವರು ಹೋದ ಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಅಪ್ಪನಿಗೆ ಏನಾಗಿತ್ತಮ್ಮಾ? ಕವಿತ ಮಲಗಿದಾಗ ಶಿಲ್ಪಳ ನಂಬರಿಗೆ ಫೋನ್ ಮಾಡು, ನನ್ನ ಕಿವಿಗೆ ಹಿಡಿಯುತ್ತಾಳೆ. ಹೂಂ ಎನ್ನಲೂ ನನಗಾಗದು. ನಿಲ್ಲಿಸಬೇಡ, ಹೇಳುತ್ತಾ ಹೋಗು.